ಬಿಸಿಲಿಗೆ ಹಿಡಿದ ರೀಲು

ಗರ್ರ್... ಎಂಬ ಸದ್ದು ಗದ್ದೆಯ ಬದುವಿನ ಕಡೆಯಿಂದ ಬಂತು.

ಸಸಿ ಕೀಳುತ್ತಿದ್ದ ಸರ್ವಮಂಗಳ ಬಗ್ಗಿದಲ್ಲೇ ತಲೆ ಎತ್ತಿದಳು. ಪ್ಯಾಂಟು ತೊಟ್ಟ ಯುವಕನೊಬ್ಬ ಕಪ್ಪು ಪೆಟ್ಟಿಗೆಯೊಂದನ್ನು ಕಣ್ಣಿಗೊತ್ತಿಕೊಂಡು ನೇರ ಅವಳ ಕಡೆಗೇ ತಿರುಗಿ ನಿಂತಿದ್ದ.

ಅವಳ ಸೀರೆ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿತ್ತು. ಸೆರಗು ಸೊಂಟದಲ್ಲಿತ್ತು. ಕಾಲು ತುಂಬ ಕೆಸರು. ಎಳೆದು ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಸಸಿಯ ಕಟ್ಟು...

"ಏನ್ರೀ ಅದು?"

"ಸಿನಿಮಾ ಕ್ಯಾಮೆರಾ ರೀ. ಹಕ್ಕಿ ತೆಗಿಯಾಕ ಬಂದೀನಿ."

"ಹಕ್ಕಿ ಇರೋದು ಗುಡವಿ ಕೆರೆ ಮರದ ಮೇಲೆ. ಗದ್ದೇಲಿ ಏನಿದೆ?"

"ನಿಮ್ಮ ಹಿಂದ ಬೆಳ್ಳಕ್ಕಿ ನಿಂತಿತ್ತು ರೀ."

ಅವಳು ತಿರುಗಿ ನೋಡಿದಳು. ಕೆಸರು ನೀರಿನಲ್ಲಿ ಬಿಳಿ ಮೋಡವೊಂದರ ನೆರಳು ಬಿಟ್ಟರೆ ಏನೂ ಇರಲಿಲ್ಲ.

"ಹಾರಿ ಹೋತ್ ನೋಡ್ರೀ," ಎಂದ ಅವನು. ಕಿವಿಗಳು ಕೆಂಪಾಗಿದ್ದವು.

ಪಕ್ಕದ ಸಾಲಿನಲ್ಲಿದ್ದ ಬಸಕ್ಕನಿಗೆ ಇಷ್ಟು ಸಾಕಾಯಿತು. ಬಸಕ್ಕ ನೆರೆಮನೆಯವಳು. ಊರಿನ ಸುದ್ದಿ ಅವಳ ಬಾಯಲ್ಲಿ ಒಂದು ಸುತ್ತು ಹಾಕದೆ ಮುಂದೆ ಹೋಗುತ್ತಿರಲಿಲ್ಲ.

"ಮಂಗಳಾ, ನಿನ್ನ ಕಾಲು ಸಿನಿಮಾಕ್ಕೆ ಹೋಯ್ತಲ್ಲೇ. ಟೆಂಟಿನ ಪರದೆ ಮೇಲೆ ಒಂದೊಂದು ಕಾಲೂ ಆನೆ ಕಾಲಿನಷ್ಟು ಕಾಣ್ತದಂತೆ. ಶಿರಾಳಕೊಪ್ಪದ ಸಂತೆ ಜನ ಎಲ್ಲ ಕೂತು ನೋಡ್ತಾರೆ."

"ಸುಮ್ಮನಿರು ಬಸಕ್ಕ."

ಬಾಯಿ ಹಾಗೆಂದಿತು. ಎದೆ ಮಾತ್ರ ಸುಮ್ಮನಿರಲಿಲ್ಲ. ಗಂಡು ನೋಡುತ್ತಿರುವ ಮನೆ... ಇಂಥ ಸುದ್ದಿ ಒಂದು ಸಲ ಹೊರಬಿದ್ದರೆ ಅಪ್ಪ ತಲೆ ಎತ್ತಿ ಸೊರಬದ ಪೇಟೆಗೆ ಹೋಗುವುದು ಹೇಗೆ?

ಅಪ್ಪ ಹುಚ್ಚರಾಯಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಬಿಸಿಲಲ್ಲಿ ನಿಂತವನ ಊರು ಕೇಳಿದರು, ಮನೆತನ ಕೇಳಿದರು. ಶಿರಾಳಕೊಪ್ಪದ ಜವಳಿ ಅಂಗಡಿ ಉಚ್ಚಂಗಪ್ಪನವರ ಮಗ ಮಹೇಶ್ವರಪ್ಪ ಎಂದು ತಿಳಿದದ್ದೇ ತಡ, "ಅಯ್ಯೋ ನಮ್ಮ ಉಚ್ಚಂಗಪ್ಪನ ಮಗನೇನಪ್ಪ... ಉಣ್ಣದೆ ಹೋದ್ರೆ ನಾಳೆ ನಿಮ್ಮಪ್ಪಗೆ ಏನು ಹೇಳಲಿ?" ಎಂದು ಕೈಹಿಡಿದು ಮನೆಗೆ ಕರೆತಂದರು.

ಅವನ ಚೀಲ ಜಗಲಿಯ ಗೂಟದಲ್ಲಿ ತೂಗುತ್ತಿತ್ತು. ಒಳಗೆ ಅಪ್ಪ ಅವನಿಗೆ ಎಮ್ಮೆಯ ಕಥೆ ಹೇಳುತ್ತಿದ್ದರು.

ಹೋದ ವರ್ಷ ಅಕ್ಕನ ಮದುವೆಯ ಫೋಟೋ ತೆಗೆದವನು ಕಪ್ಪು ಪಟ್ಟಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಮ್ಮ, ಇದು ನಿಮ್ಮಕ್ಕ," ಎಂದು ತೋರಿಸಿದ್ದ. ಅದು ಅವಳಿಗೆ ನೆನಪಿತ್ತು.

ಒಂದೇ ಒಂದು ಸಲ ನೋಡಿಬಿಡ್ತೀನಿ. ನನ್ನ ಕಾಲು ಇದ್ದರೆ ಒಲೆಗೆ ಹಾಕ್ತೀನಿ.

ಚೀಲದಲ್ಲಿ ತಗಡಿನ ಡಬ್ಬಿಯೊಂದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಣವೆಯ ಹಿಂದೆ ಹೋದಳು. ಮುಚ್ಚಳ ತೆಗೆದು ಪಟ್ಟಿಯನ್ನು ಮಾರುಗಟ್ಟಲೆ ಎಳೆದು ಬಿಸಿಲಿಗೆ ಹಿಡಿದಳು.

ಏನೂ ಇಲ್ಲ! ಉದ್ದಕ್ಕೂ ಬರೀ ಮಾಸಲು ಬಣ್ಣ. ಕಾಲಿಲ್ಲ, ಗದ್ದೆಯಿಲ್ಲ, ಒಂದು ಹಕ್ಕಿಯ ಪುಕ್ಕವೂ ಇಲ್ಲ.

ಪಾಪ, ಇವನಿಗೆ ತೆಗೆಯೋಕೇ ಬರಲ್ಲ ಅನ್ಸುತ್ತೆ... ಸುಮ್ಮನೆ ಏನೇನೋ ಅಂದ್ಕೊಂಡೆನಲ್ಲ.

ಪಟ್ಟಿಯನ್ನು ಜೋಪಾನವಾಗಿ ಸುತ್ತಿ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. ಒಳಗೆ ಬಂದು ಅವನ ಎಲೆಗೆ ಕೇಳದೆಯೇ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದಳು.

ಅವನು ಮತ್ತೆ ಬಂದ. ಅಂಗಡಿಗೆ ರಜೆ ಇದ್ದಾಗಲೆಲ್ಲ ಸೊರಬದವರೆಗೆ ಬಸ್ಸು, ಅಲ್ಲಿಂದ ಯಾರದೋ ಸೈಕಲ್ಲು. ಆಗ ಅವನ ಕ್ಯಾಮೆರಾದಲ್ಲಿ ರೀಲು ಇರಲಿಲ್ಲ. ಪರದೇಶದ ಮಾಲು ಬರುವುದು ನಿಂತು ಬೊಂಬಾಯಿಯಲ್ಲೂ ರೀಲು ಸಿಗದ ಕಾಲ ಅದು. ಸೋದರಮಾವ ಕೊಟ್ಟ ಕ್ಯಾಮೆರಾದ ಜೊತೆ ಬಂದದ್ದು ಒಂದೇ ರೀಲು. ಅದನ್ನು ಚೂರು ಚೂರೇ ಖರ್ಚು ಮಾಡಿ, ಕೊನೆಯ ಚೂರನ್ನು ಅವಳ ಗದ್ದೆಯ ಬದುವಿನ ಮೇಲೆ ಮುಗಿಸಿ, ತೊಳೆದು ಚಿತ್ರ ಮೂಡಿಸಿ ಕೊಡಲು ಬೊಂಬಾಯಿಗೆ ಕಳಿಸಿದ್ದ.

"ರೀಲಿಲ್ಲದೆ ಯಾಕ್ರೀ ಬರ್ತೀರಿ?" ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು.

"ಊರಾಗ ಬಸ್ಸು ತೆಗೆದೆ, ಅಂಗಡಿ ತೆಗೆದೆ. ಯಾವುದರಾಗೂ ಜೀವ ಇಲ್ಲ ಅನಸ್ತು ರೀ. ಏನು ತೆಗೀಬೇಕು ಅಂತನೇ ತಿಳೀವಲ್ದು. ಇಲ್ಲಿ ನಿಂತ್ರ ತಿಳೀತೈತಿ."

"ಹಂಗಾದ್ರೆ ಬರೀ ಪೆಟ್ಟಿಗೇಲೇ ನೋಡಿ. ಅಲ್ಲಿ, ಆ ಕೊಂಬೆ ಮೇಲೆ... ಆ ಬೆಳ್ಳಕ್ಕಿ ಪಕ್ಕದ ಗೂಡಿನ ಕಡ್ಡಿ ಕದೀತಾ ಇದೆ."

ಅವನು ಕೀಲಿ ತಿರುಗಿಸಿ ಗುಂಡಿ ಒತ್ತಿದ. ಖಾಲಿ ಕ್ಯಾಮೆರಾ ಗರ್ರ್ ಎಂದಿತು.

"ಏನು ಬಂತು?"

"ಕಳ್ಳಿ. ಕಡ್ಡಿ ಕದ್ದು, ಏನೂ ಗೊತ್ತಿಲ್ಲದವಳಂಗ ಆಕಾಶ ನೋಡಿದ್ಲು."

ಅವಳು ನಕ್ಕಳು. ಆಮೇಲೆ ಅದೇ ಅವರಿಬ್ಬರ ಆಟವಾಯಿತು. ಅವಳು ತೋರಿಸುವುದು, ಅವನು ಖಾಲಿ ಕ್ಯಾಮೆರಾ ಓಡಿಸುವುದು, 'ಏನು ಬಂತು' ಎಂದು ಅವಳು ಕೇಳುವುದು. ಕೆರೆಯ ನೀರು ತಿಳಿಯಾಗುವ ಹೊತ್ತಿಗೆ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಅವಳ ಕೈಯ ಕೆಲಸ ನಿಲ್ಲುತ್ತಿತ್ತು.

ದೀಪಾವಳಿಯ ಹಬ್ಬ ಕಳೆದ ಮೇಲೆ ಅವನು ಬಂದಾಗ ಗಂಟೆ ಬಾರಿಸಲಿಲ್ಲ.

"ರೀಲು ಬಂತು ರೀ," ಎಂದ. ಡಬ್ಬಿಯಿಂದ ಪಟ್ಟಿ ಎಳೆದು ಬಿಸಿಲಿಗೆ ಹಿಡಿದ... ಅವಳು ಅಂದು ಬಣವೆಯ ಹಿಂದೆ ಹಿಡಿದ ಹಾಗೆಯೇ! "ನೋಡ್ರೀ. ಗಾಜಿನಂಗ ಐತಿ. ಒಂದು ಚಿತ್ರ ಉಳಿದಿಲ್ಲ."

"ಯಾಕೆ... ಏನಾಯ್ತು?"

"ತೊಳಿಯೋದಕ್ಕ ಮೊದಲ ಬೆಳಕು ಬಿದ್ದೈತಂತ. ತೊಳಿಯೋತನಕ ಅದು ಕತ್ತಲದಾಗ ಇರಬೇಕು ರೀ. ಡಬ್ಬಿ ತೆಗೆದು ಬಿಸಿಲಿಗೆ ಹಿಡಿದ್ರ ಮುಗೀತು, ಎಲ್ಲ ಅಳಿಸಿಹೋಗ್ತೈತಿ."

ಸರ್ವಮಂಗಳೆಗೆ ಬಣವೆಯ ಹಿಂದಿನ ಆ ಬಿಸಿಲು ನೆನಪಾಯಿತು.

ಹೇಳು... ಈಗಲೇ ಹೇಳು. ನಾನು ತೆಗೆದೆ ಅನ್ನು. ನಿನ್ನ ಚೀಲಕ್ಕೆ ಕೈ ಹಾಕಿದ್ದು ನಾನು ಅನ್ನು.

ಅವಳ ಬಾಯಿಂದ ಬಂದದ್ದು ಮಾತ್ರ, "ನೀರು ಕುಡೀತೀರಾ?"

"ಬ್ಯಾಡ ರೀ. ಪೆಟ್ಟಿಗೆಯಿಂದ ಡಬ್ಬಿಗೆ ಹಾಕೋವಾಗ ನಾನೇ ಎಡವಟ್ಟು ಮಾಡಿರಬೇಕು. ಇದು ಗಜ ಹಿಡಿದು ಬಟ್ಟೆ ಅಳಿಯೋ ಕೈ, ಇದಕ್ಯಾಕ ಸಿನಿಮಾ ಅಂತ ಅಪ್ಪ ಹೇಳ್ತಿದ್ರು. ಖರೇನ ಐತಿ."

ಅವನು ತನ್ನ ಕೈಯನ್ನು ತಾನೇ ಅಸಹ್ಯದಿಂದ ನೋಡಿಕೊಂಡ. ಆ ನೋಟ ಅವಳಿಗೆ ಸಲ್ಲಬೇಕಾದದ್ದು. ಅದನ್ನು ಅವನ ಕೈ ಹೊತ್ತುಕೊಂಡು ಹೋಯಿತು, ಅವಳು ನೋಡುತ್ತ ನಿಂತಳು.

ಆಮೇಲೆ ಅವನು ಬರಲಿಲ್ಲ. ಬೆಳ್ಳಕ್ಕಿಯ ಮರಿಗಳು ರೆಕ್ಕೆ ಬಡಿದು ಕೊಂಬೆಯಿಂದ ಕೊಂಬೆಗೆ ಹಾರಲು ಕಲಿತವು. ಕೆರೆಯ ಕಡೆ ನೋಡಿದರೆ ಸಾಕು, ಅವಳಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಕಾಲು ಕಂಡಿತೆಂದು ಅಂದು ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅದನ್ನು ಸೀರೆ ಇಳಿಸಿ ಮುಚ್ಚಬಹುದಿತ್ತು. ಇದನ್ನು?

ಒಂದು ದಿನ ಬಸಕ್ಕ ಸುದ್ದಿ ತಂದಳು. "ನಿನ್ನ ಸಿನಿಮಾದವನು ಕ್ಯಾಮೆರಾ ಮಾರ್ತಾನಂತೆ ಕಣೇ. ಶಿಕಾರಿಪುರದ ಫೋಟೋದವನು ಸಂತೆ ದಿನ ಬಂದು ಒಯ್ತಾನಂತೆ. ಇನ್ನು ಅದರ ಸಹವಾಸವೇ ಬೇಡ ಅಂದನಂತೆ."

ಅವಳು ಅಂದು ಉಣ್ಣಲಿಲ್ಲ. ಸಂತೆಯ ದಿನ, "ಅಪ್ಪಾ, ಬಸಕ್ಕನ ಜೊತೆ ಕುಪ್ಪಸದ ಬಟ್ಟೆಗೆ ಹೋಗಿ ಬರ್ತೀನಿ," ಎಂದು ಬಸ್ಸು ಹತ್ತಿದಳು.

ಅಂಗಡಿ ಗಿಜಿಗುಡುತ್ತಿತ್ತು. ಗದ್ದುಗೆಯ ಮೇಲೆ ಉಚ್ಚಂಗಪ್ಪ ಕೂತಿದ್ದರು. ಮಹೇಶ್ವರಪ್ಪ ಯಾರಿಗೋ ಪಂಚೆ ಅಳೆಯುತ್ತಿದ್ದ. ಬಟ್ಟೆಯ ಥಾನುಗಳ ನಡುವೆ ಆ ಕಪ್ಪು ಪೆಟ್ಟಿಗೆ ಇತ್ತು. ಕೋಟು ತೊಟ್ಟವನೊಬ್ಬ ಅದರ ಕೀಲಿ ತಿರುಗಿಸಿ ನೋಡುತ್ತಿದ್ದ.

"ಬಾರವ್ವಾ, ಏನು ತೋರಿಸ್ಲಿ? ಹುಬ್ಬಳ್ಳಿ ಖಣ ಬಂದಾವ," ಎಂದರು ಉಚ್ಚಂಗಪ್ಪ.

"ಖಣ ಬೇಡ್ರೀ." ಅವಳು ಕಪ್ಪು ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ಅದನ್ನ ಮಾರಬೇಡಿ ಅನ್ನೋಕೆ ಬಂದೆ."

ಅಳೆಯುತ್ತಿದ್ದ ಕೈ ನಿಂತಿತು.

"ರೀಲು ಹಾಳು ಮಾಡಿದ್ದು ನಾನು. ಇವರು ನಮ್ಮನೇಲಿ ಉಣ್ತಾ ಇದ್ದಾಗ ಚೀಲದಿಂದ ಕದ್ದು ತೆಗೆದು ಬಿಸಿಲಿಗೆ ಹಿಡಿದೆ. ನನ್ನ... ಕಾಲು ಬಂದಿದೆಯೇನೋ ಅಂತ ನೋಡೋಕೆ. ಇವರ ಕೈ ತಪ್ಪು ಮಾಡಿಲ್ಲ."

ಪಂಚೆಗೆ ಬಂದವನು ಅವಳ ಕಾಲಿನ ಕಡೆ ನೋಡಿದ. ಬಸಕ್ಕನಂಥ ಬಸಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು.

"ಮತ್ತ ಅವತ್ತ ಯಾಕ ಹೇಳ್ಲಿಲ್ಲ?" ಮಹೇಶ್ವರಪ್ಪನ ದನಿ ಸಣ್ಣಗಿತ್ತು. "ನಿಮ್ಮ ಮುಂದ ನಿಂತು ನನ್ನ ಕೈ ನಾನ ಬೈಕೊಂಡೆ. ಕೇಳಿಸ್ಕೊಂಡ್ರಿ. ನೀರು ಬೇಕಾ ಅಂದ್ರಿ."

ಅವಳು ತಲೆ ತಗ್ಗಿಸಿ ಹೊರಗೆ ಬಂದಳು. ಸಂತೆಯ ಗದ್ದಲ ದಾಟಿ, ನಿಂತಿದ್ದ ಸೊರಬದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಲೇ ಕಣ್ಣೀರು ಇಳಿದದ್ದು. ಬಸಕ್ಕ ಬೆನ್ನು ಸವರಿದಳು. "ಒಳ್ಳೇದೇ ಮಾಡ್ದೆ ಬಿಡು. ನಾನು ಯಾರಿಗೂ ಹೇಳಲ್ಲ."

ಕಿಟಕಿಯ ಸರಳನ್ನು ಯಾರೋ ತಟ್ಟಿದರು.

ಮಹೇಶ್ವರಪ್ಪ ಏದುಸಿರು ಬಿಡುತ್ತಿದ್ದ. ಕಂಕುಳಲ್ಲಿ ಅಳತೆಯ ಗಜ ಹಾಗೇ ಇತ್ತು. ಕೈಯಲ್ಲಿ ಕ್ಯಾಮೆರಾ.

"ಕೊಡಲಿಲ್ಲ ರೀ. ಅಂವ ಸಿಟ್ಟಾಗಿ ಹೋದ. ಅಪ್ಪನೂ ಸಿಟ್ಟಾಗ್ಯಾರ. ಎಲ್ಲ ಕೇಳಿ ಆಮ್ಯಾಲ, ಆ ಹುಡುಗಿ ಹುಚ್ಚರಾಯಪ್ಪನ ಮಗಳೇನೋ ಅಂದ್ರು."

ಅವಳು ಮುಖ ಎತ್ತಲಿಲ್ಲ. "ಬೈಯೋದಿದ್ರೆ ಬೈದುಬಿಡಿ."

"ಬೈಯಾಕ ನನಗೇನು ಹಕ್ಕೈತಿ?" ಅವನು ಸರಳು ಹಿಡಿದುಕೊಂಡ. "ನಿಮ್ಮ ಗುಮಾನಿ ಸುಳ್ಳಲ್ಲ ರೀ. ಬೆಳ್ಳಕ್ಕಿ ಇದ್ದದ್ದು ಖರೆ. ಅದು ಹಾರಿ ಹೋತು. ಆಮ್ಯಾಲೂ ನಾನು ಗುಂಡಿ ಬಿಡಲಿಲ್ಲ. ಉಳಿದ ರೀಲೆಲ್ಲ ನೀವ ಇದ್ರಿ. ಕೇಳದ ತೆಗೆದೆ, ಕೇಳಿದಾಗ ಹಕ್ಕಿ ಅಂತ ಸುಳ್ಳು ಹೇಳಿದೆ. ನಿಮ್ಮ ಮನ್ಯಾಗ ತುಪ್ಪ ಹಾಕಿಸ್ಕೊಂಡು ಉಂಡೆ. ಅಳಿಸಿಹೋದದ್ದು ಬರೊಬ್ಬರಿ ಆತು."

ಅವಳು ಈಗ ನೋಡಿದಳು. ಅವನ ಕಿವಿಗಳು ಅಂದಿನಂತೆಯೇ ಕೆಂಪಾಗಿದ್ದವು. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದ ನಾಚಿಕೆಯ ಇನ್ನೊಂದು ತುದಿಯನ್ನು ಇವನೂ ಹಿಡಿದಿದ್ದನೇ...

"ಈಗ ರೀಲು ಎಲ್ಲಿಂದ ತರ್ತೀರಿ?"

"ಸಿಕ್ಕಾಗ ಸಿಗಲಿ. ಅಲ್ಲೀತನಕ ಗುಡವಿಗೆ ಬಂದು ಖಾಲಿ ಪೆಟ್ಟಿಗಿ ಓಡಿಸ್ತೀನಿ. ಬರೋ ಸೋಮವಾರ ಅಪ್ಪನ್ನೂ ಕರಕೊಂಡು ಬರ್ಲೇನ್ರೀ?"

ಬಸಕ್ಕ ಕಿಟಕಿಗೆ ಬಗ್ಗಿದಳು. "ಕರಕೊಂಡು ಬಾರಪ್ಪ. ಅವಳು ಹೂಂ ಅನ್ನೋ ಹೊತ್ತಿಗೆ ಬಸ್ಸು ಹೋಗಿರ್ತದೆ."

ಕಂಡಕ್ಟರ್ ಸೀಟಿ ಊದಿದ. ಮಹೇಶ್ವರಪ್ಪ ಬೇಗ ಬೇಗ ಕೀಲಿ ತಿರುಗಿಸಿದ. ಪೆಟ್ಟಿಗೆಯನ್ನು ಕಣ್ಣಿನವರೆಗೆ ಎತ್ತಿ, ಅಲ್ಲೇ ತಡೆದ.

"ಈ ಸಲ ಕೇಳ್ತೀನಿ. ತೆಗೀಲ್ಯಾ?"

ಅವಳು ಕಣ್ಣೀರು ಒರೆಸಿಕೊಳ್ಳಲು ಸೆರಗು ಎತ್ತಿದಳು. ಆಮೇಲೆ, ಇರಲಿ ಎಂದು ಹಾಗೇ ಬಿಟ್ಟಳು.

"ತೆಗೀರಿ."

ಗರ್ರ್... ಬಸ್ಸು ಕದಲಿತು. ಅವನು ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದ.

ಸರಳಿನ ನಡುವಿನಿಂದ ಅವಳು ಕೇಳಿದಳು, "ಏನು ಬಂತು?"

"ಹಕ್ಕಿ ಅಲ್ರೀ."

"ಗೊತ್ತು."