ರಬ್ಬರಿನ ಪಟ್ಟಿ, ಲೋಹದ ಕೊಂಡಿ

“ಪೆಟ್ಟಿಗೆಯಲ್ಲಿ ಬಂದ ರಬ್ಬರಿಂದೇ ಸಾಕು,” ಎಂದ ಕಾಂತೇಶ್.

ದಾಕ್ಷಾಯಿಣಿ ಕಂಪ್ಯೂಟರಿನ ಪರದೆಯಿಂದ ಮುಖವನ್ನು ನಿಧಾನವಾಗಿ ಅವನತ್ತ ತಿರುಗಿಸಿದಳು. ಲೆಕ್ಕ ಚೆನ್ನಾಗಿ ಬಲ್ಲ ಹುಡುಗನೊಬ್ಬ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಕಡಹಿನಬೈಲಿನ ಶಾಲೆಯಲ್ಲಿ ಅವಳು ನೋಡುವುದು ಹೀಗೆಯೇ ಇರಬೇಕು ಎಂದು ಅವನಿಗನ್ನಿಸಿತು.

“ಇನ್ನೊಂದ್ಸಲ ಹೇಳಿ.”

“ರಬ್ಬರಿಂದು ಸಾಕು ಟೀಚರೇ. ದೂರದಿಂದ ನೋಡಿದ್ರೆ ಎರಡೂ ಒಂದೇ.”

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಗೋವಿಂದನ ಸೈಬರ್ ಕೆಫೆ; ಎರಡು ಸಾವಿರದ ಏಳರ ಜನವರಿ. ಹಾಂಗ್‌ಕಾಂಗಿನ ಅಂಗಡಿಯೊಂದರ ಪುಟ ಪರದೆಯ ಮೇಲೆ ಅಂಗುಲ ಅಂಗುಲವಾಗಿ ಬಿಚ್ಚಿಕೊಳ್ಳುತ್ತಿತ್ತು. ಯುದ್ಧಟ್ಯಾಂಕಿನ ಪುಟ್ಟ ಮಾದರಿ ಕಟ್ಟುವ ಕಿಟ್ ಮಾಡುವವರು ಒಬ್ಬರು. ಅದರಲ್ಲಿ ಒರಟಾಗಿ ಬಂದದ್ದನ್ನು ಬದಲಿಸಲು ಸೂಕ್ಷ್ಮವಾದ ಬಿಡಿಭಾಗ ಮಾಡಿ ಮಾರುವವರು ಇನ್ನೊಬ್ಬರು. ಕಿಟ್ಟಿನ ಚಕ್ರಪಟ್ಟಿ ಒಂದೇ ತುಂಡಿನ ರಬ್ಬರು, ಬಳೆಯಂತೆ ಬಿಗಿದು ನಿಲ್ಲುತ್ತದೆ. ಪರದೆಯ ಮೇಲಿದ್ದದ್ದು ನೂರ ಎಂಬತ್ತು ಬಿಡಿ ಲೋಹದ ಕೊಂಡಿಗಳು. ಒಂದೊಂದನ್ನೂ ಕೂದಲೆಳೆಯಂಥ ತಂತಿಯಿಂದ ಪೋಣಿಸಿದರೆ, ನಿಜವಾದ ಟ್ಯಾಂಕಿನ ಪಟ್ಟಿಯಂತೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆ ಜೋಲು ಇಲ್ಲದ ಟ್ಯಾಂಕು ನೆಲಕ್ಕೆ ಕಾಲೂರದೆ ನಿಂತ ಮನುಷ್ಯನ ಹಾಗೆ ಎಂದು ಅವಳಿಗೆ ಕಲಿಸಿದವನು ಅವನೇ.

“ಹಿತ್ತಾಳೆ ಹಾಳೆ?” ಎಂದಳು. ಕೊಕ್ಕೆ, ಜಾಲರಿ, ಕೈಹಿಡಿಗಳನ್ನು ಕಾಗದದಷ್ಟು ತೆಳುವಾಗಿ ಕೊರೆದಿಟ್ಟ ಹಾಳೆ ಅದು.

“ಅದೂ ಬೇಡ.”

ಪಕ್ಕದ ಕುರ್ಚಿಯಲ್ಲಿದ್ದ ಗೋವಿಂದ ನಕ್ಕ. “ಎಂತ ಮಾರಾಯ, ಹೋದ ವರ್ಷ ಬೋಲ್ಟಿನ ತಲೆ ದೊಡ್ಡದಾಯ್ತು ಅಂತ ನನ್ನ ಕೈಲಿ ಎಲ್ಲೆಲ್ಲಿಗೋ ಮೇಲ್ ಬರೆಸಿದವ ನೀನೇ ಅಲ್ದ? ವಯಸ್ಸಾಯ್ತಾ?”

ಕಾಂತೇಶ್ ಬಲಗೈಯನ್ನು ಪ್ಯಾಂಟಿನ ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿದ. ಅಲ್ಲಿ ಅದು ಹಿಡಿದಿಟ್ಟ ಹಕ್ಕಿಯಂತೆ ಮಿಡಿಯುತ್ತಿತ್ತು.

ಮೆಟ್ಟಿಲಿಳಿದು ಬಸ್ಸಿನತ್ತ ನಡೆಯುವಾಗ ಅವಳು, ಅಂಗಡಿಯಲ್ಲಿ ಬೆಲ್ಲ ಬಂದಿದೆ ಎನ್ನುವಷ್ಟು ಸಾಮಾನ್ಯವಾಗಿ, ಒಂದು ಸುದ್ದಿ ಹೇಳಿದಳು. “ಬಾಳೆಹೊನ್ನೂರಿಂದ ಒಂದು ಸಂಬಂಧ ಬಂದಿದೆ. ಕಾಫಿಪುಡಿ ಮಿಲ್ಲಂತೆ. ಹೆಂಡ್ತಿ ಹೋಗಿ ನಾಲ್ಕು ವರ್ಷ ಆಯ್ತಂತೆ. ಮುಂದಿನ ತಿಂಗಳ ಕೊನೆಗೆ ಉತ್ತರ ಕೇಳೋಕೆ ಬರ್ತಾರೆ.”

ಅವಳ ಕಣ್ಣು ಅವನ ಮುಖದ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು. ಮೂವತ್ತೈದರ ಆ ಕಣ್ಣುಗಳ ಕೊನೆಯಲ್ಲಿ, ನಗು ಬರುವ ಮುಂಚೆಯೇ ಎರಡು ಗೆರೆ ಮೂಡುವುದುಂಟು. ಅವನು ಅವಕ್ಕಾಗಿ ಕಾದ, ಅವು ಮೂಡಲಿಲ್ಲ.

“ಒಳ್ಳೆ ಜನ ಅಂತ ಕೇಳಿದೀನಿ,” ಎಂದ.

“ಹೌದಾ. ಸರಿ ಹಾಗಾದ್ರೆ.”

ನರಸಿಂಹರಾಜಪುರದ ಬಸ್ಸು ಅವಳನ್ನು ಹತ್ತಿಸಿಕೊಂಡು ಹೋಯಿತು. ಎದ್ದ ಧೂಳು ಮರಳಿ ನೆಲಕ್ಕಿಳಿಯುವವರೆಗೂ ಅವನು ಅಲ್ಲೇ ನಿಂತಿದ್ದ.

ಕಾಂತೇಶನದು ತಂದೆಯ ಕಾಲದ ವಾಚ್ ರಿಪೇರಿ ಅಂಗಡಿ. ಶೋಕೇಸಿನಲ್ಲಿ ಗಡಿಯಾರಗಳ ನಡುವೆ, ಬಿಡುವಿನಲ್ಲಿ ಅವನು ಕಟ್ಟಿದ ಆರು ಟ್ಯಾಂಕುಗಳಿದ್ದವು, ಒಂದೊಂದೂ ಅಂಗೈಗಿಂತ ತುಸು ಉದ್ದ. ಹಿಂದಿನ ಬೇಸಿಗೆಯಲ್ಲಿ ಅವುಗಳ ಮುಂದೆ ಮಲ್ಲೇಶಪ್ಪ ಬಂದು ನಿಂತುಬಿಟ್ಟಿದ್ದರು. ದಾಕ್ಷಾಯಿಣಿಯ ತಂದೆ, ಎಪ್ಪತ್ತೊಂದರ ಯುದ್ಧದಲ್ಲಿ ಟ್ಯಾಂಕು ಓಡಿಸಿದ್ದವರು. “ನಂದನ್ನೂ ಮಾಡ್ತೀಯೇನಪ್ಪಾ?” ಎಂದು ಕೇಳಿದ್ದರು, ಕಳೆದುಹೋದ ಎತ್ತನ್ನು ವಿಚಾರಿಸುವ ದನಿಯಲ್ಲಿ.

ಅಂದಿನಿಂದ ಪ್ರತಿ ಶನಿವಾರ, ಬೆಳಗಿನ ಶಾಲೆ ಮುಗಿಸಿ, ತಂದೆಯ ನೆನಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮಗಳು ಬರುತ್ತಿದ್ದಳು. ಯಾವ ಕೊಕ್ಕೆ ಮುರಿದಿತ್ತು, ಯಾವ ದೀಪ ಇರಲಿಲ್ಲ, ಯಾವ ಪೆಟ್ಟಿಗೆಯ ಮೇಲೆ ಬುತ್ತಿ ಬಿಸಿಗಿಡುತ್ತಿದ್ದರು. ಅವಳು ಓದುವಳು, ಅವನು ಅದಕ್ಕೆ ತಕ್ಕ ಬಿಡಿಭಾಗ ಆರಿಸುವನು.

ಅಲ್ಯೂಮಿನಿಯಂನಲ್ಲಿ ಕಡೆದ ಫಿರಂಗಿ ನಳಿಗೆ ಬಂದ ದಿನ ಮಲ್ಲೇಶಪ್ಪನವರೂ ಬಂದಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಚಂದ ಇದೆ. ಆದ್ರೆ ನಂದಲ್ಲ. ನಮ್ಮದಕ್ಕೆ ನಳಿಗೆ ನಡುವೆ ಒಂದು ಖೊಟ್ಟಿ ಡಬ್ಬ ಕಟ್ಟಿದ್ರು. ಆ ಕಡೆಯವರ ಟ್ಯಾಂಕೂ ನೋಡೋಕೆ ಇದ್ರ ಹಾಗೇ. ನಮ್ಮವರೇ ನಮಗೆ ಹೊಡೀಬಾರ್ದಲ್ಲ, ಅದಕ್ಕೆ ಗುರುತು.”

ಆ ಡಬ್ಬ ತಾನು ಬಲ್ಲ ಯಾವ ಅಂಗಡಿಯಲ್ಲೂ ಅವನಿಗೆ ಸಿಗಲಿಲ್ಲ. ಹಳೆಯ ಟೈಂಪೀಸಿನ ಹಿತ್ತಾಳೆ ಕೊಳವೆಯಿಂದ ಅವನೇ ಕಡೆದ. ಅವಳು ಭೂತಗನ್ನಡಿ ಹಿಡಿದಳು.

“ಉಸಿರು ಬಿಡಬೇಡಿ.”

“ಎಷ್ಟೊತ್ತು?”

“ನಾನು ಹೇಳೋವರೆಗೆ.”

“ಸತ್ತೇ ಹೋಗ್ತೀನಿ ಮಾರಾಯ್ರೆ.” ತಡೆದ ನಗು ಉಸಿರಾಗಿ ಹೊರಬಂದು ಅವನ ಮಣಿಕಟ್ಟಿಗೆ ತಾಗಿತು. ಕೈ ಕದಲಲಿಲ್ಲ. ಆ ಸಂಜೆ ಊಟಕ್ಕೆ ಕೂರುವ ಮುಂಚೆ, ಮಣಿಕಟ್ಟಿಗೆ ನೀರು ಮುಟ್ಟದಂತೆ ಬೆರಳಷ್ಟನ್ನೇ ತೊಳೆದುಕೊಂಡ. ನಲವತ್ತರ ಗಂಡಸಿಗೆ ತನ್ನ ಮೇಲೆ ತನಗೇ ನಗು ಬಂತು.

ನಡುಕ ಶುರುವಾದದ್ದು ದಸರೆಯ ಮೇಲೆ. ಮೊದಲು ಹೆಬ್ಬೆರಳು, ಆಮೇಲೆ ಅಂಗೈ. ಶಿವಮೊಗ್ಗದ ಡಾಕ್ಟರು ಕಂಪವಾತ ಎಂದರು. ಮಾತ್ರೆಯಿಂದ ಹತೋಟಿಯಲ್ಲಿಡಬಹುದು, ವಾಸಿಯಾಗುವುದಿಲ್ಲ ಎಂದರು. ಅವನಿಗೆ ವಿವರಣೆ ಬೇಕಿರಲಿಲ್ಲ. ಇದೇ ಅಂಗಡಿಯ ಇದೇ ಕುರ್ಚಿಯಲ್ಲಿ ತಂದೆಯ ಕೈ ಹೀಗೆಯೇ ಆರಂಭಿಸಿತ್ತು. ಹನ್ನೊಂದು ವರ್ಷ ತಾಯಿ ವೀರಬಸಮ್ಮ ಅವರ ಬಾಯಿಗೆ ಚಮಚ ಹಿಡಿದಿದ್ದಳು.

ಆ ಚಮಚವನ್ನು ದಾಕ್ಷಾಯಿಣಿಯ ಬೆರಳುಗಳಲ್ಲಿ ಊಹಿಸಿಕೊಂಡಾಗಲೆಲ್ಲ ಅವನು, ಯಾರೋ ನಿದ್ದೆಯಿಂದ ಎಬ್ಬಿಸಿದಂತೆ, ಬೆಚ್ಚುತ್ತಿದ್ದ. ಅವಳಿಗೆ ಕೊಡಬಹುದಾದದ್ದು ಒಂದೇ ಉಳಿದಿತ್ತು: ತಾನಿಲ್ಲದ ಬದುಕು. ರಬ್ಬರಿನ ಪಟ್ಟಿಯಾದರೆ ನಡುಗುವ ಕೈಗೂ ಎರಡೇ ದಿನದ ಕೆಲಸ. ಟ್ಯಾಂಕು ಮುಗಿಯುತ್ತದೆ, ಅವಳು ಬರುವುದು ನಿಲ್ಲುತ್ತದೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಫೆಬ್ರವರಿಯ ಕೊನೆಯ ಶನಿವಾರ ಅವಳು ಕಂದು ಬಣ್ಣದ ಪೊಟ್ಟಣವೊಂದನ್ನು ತಂದು ಮೇಜಿನ ಮೇಲಿಟ್ಟಳು.

“ಗೋವಿಂದಣ್ಣನ ಹತ್ರ ನಾನೇ ಆರ್ಡರ್ ಮಾಡಿಸಿದೆ. ಕೊಂಡಿ, ಹಿತ್ತಾಳೆ ಹಾಳೆ, ಎರಡೂ. ಸೋಮವಾರ ಬಾಳೆಹೊನ್ನೂರಿನವರು ಬರ್ತಾರೆ. ಅಷ್ಟರೊಳಗೆ ನೀವು ಎರಡು ಕೊಂಡಿ ಆದ್ರೂ ಪೋಣಿಸಿದ್ದು ನೋಡ್ಬೇಕು ನಾನು.”

“ಇವತ್ತು ಕೆಲಸ ಜಾಸ್ತಿ ಇದೆ.”

“ಎಲ್ಲಿದೆ?”

ಮೇಜಿನ ಮೇಲೆ ಎರಡು ಗೋಡೆ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಕೈಗಡಿಯಾರಗಳನ್ನು ಅವನು ಮೂರು ವಾರಗಳಿಂದ ವಾಪಸು ಕಳಿಸುತ್ತಿದ್ದ.

“ಅಪ್ಪಾಜಿ ಟ್ಯಾಂಕ್ ಬೇಜಾರಾಯ್ತಾ ನಿಮಗೆ? ಅಥವಾ ನಾನು ಬರೋದು ಬೇಜಾರಾ? ಒಂದು ಹೇಳಿ, ನಾನು ಹೊರಡ್ತೀನಿ.”

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದು, ಅವಳ ಮುಖ ಕಂಡು ಹಿಂದಿರುಗಿತು. ಬೇರೆ ದಾರಿ ತೋಚದೆ ಅವನು ಚಿಮಟ ಎತ್ತಿಕೊಂಡ.

ಅಕ್ಕಿಕಾಳಿನಷ್ಟು ಕೊಂಡಿ. ಚಿಮಟದ ತುದಿಗಳು ಒಂದಕ್ಕೊಂದು ತಾಗಿ, ಅಂಗಡಿಯ ಯಾವ ಗಡಿಯಾರಕ್ಕೂ ಹೊಂದದ ಲಯದಲ್ಲಿ ಸದ್ದು ಮಾಡಿದವು. ಕೊಂಡಿ ಸಿಡಿದು ನೆಲಕ್ಕೆ ಹಾರಿತು. ಎರಡನೆಯದೂ ಹಾರಿತು. ಮೂರನೆಯದಕ್ಕೆ ಅವನು ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದ. ಎರಡೂ ಸೇರಿ ನಡುಗಿದವು.

ದಾಕ್ಷಾಯಿಣಿ ಸೆರಗು ಸಿಕ್ಕಿಸಿ, ಮೊಣಕಾಲೂರಿ, ಕೆಂಪು ನೆಲದ ಮೇಲೆ ಕೊಂಡಿ ಹುಡುಕತೊಡಗಿದಳು. ಅವನೂ ಇಳಿದು ಕೂತ. ಮೇಜಿನ ಕೆಳಗೆ ಇಬ್ಬರ ಹಣೆಗಳ ನಡುವೆ ಒಂದು ಗೇಣು.

“ಯಾವಾಗಿಂದ?”

“ದಸರೆಯಿಂದ. ನಮ್ಮಪ್ಪಂಗೂ ಇತ್ತು. ಕಂಪವಾತ.”

“ಅದಕ್ಕೇ ರಬ್ಬರ್.”

“ಹೂಂ.”

“ಅದಕ್ಕೇ ಬಾಳೆಹೊನ್ನೂರು.”

ಅವನು ನೆಲ ನೋಡಿದ.

“ಎರಡನ್ನೂ ನೀವೇ ಆರಿಸಿಬಿಟ್ರಿ. ಕೇಳ್ಲೂ ಇಲ್ಲ ನನ್ನ.” ಅವಳ ದನಿಯಲ್ಲಿ ಕೋಪವಿತ್ತು, ಕೆಳತುಟಿ ಮಾತ್ರ ಆ ಕೋಪದ ಪಕ್ಷ ಬಿಟ್ಟಿತ್ತು.

“ನಮ್ಮಮ್ಮ ಹನ್ನೊಂದು ವರ್ಷ ಅಪ್ಪಂಗೆ ಉಣ್ಣಿಸಿದ್ಲು, ದಾಕ್ಷಾಯಿಣಿ.” ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ, ಇಬ್ಬರೂ ಅದನ್ನು ಗಮನಿಸಿ ಗಮನಿಸದಂತಿದ್ದರು. “ಒಂದು ಮದುವೆಮನೆಗೆ ಹೋಗ್ಲಿಲ್ಲ. ತನ್ನ ಅನ್ನ ಬಿಸಿ ಇರುವಾಗ ಒಂದು ದಿನ ಉಣ್ಲಿಲ್ಲ. ನಾನು ಕಣ್ಣಾರೆ ನೋಡಿದೀನಿ. ನಿಮ್ಮನ್ನ ಆ ಜಾಗದಲ್ಲಿ ಕೂರಿಸೋಕೆ ನನ್ನಿಂದ ಆಗಲ್ಲ.”

“ಬೇಜಾರು ಮಾಡ್ಕೊಂಡಿದ್ರಾ ಅವರು?”

“ಮಾಡ್ಕೊಳ್ತಿದ್ಲು. ಬೈತಿದ್ಲು. ಹಿತ್ತಲಿಗೆ ಹೋಗಿ ಅಳ್ತಿದ್ಲು.” ಅವನು ತಡೆದ. ಉಳಿದದ್ದನ್ನು ಮುಚ್ಚಿಡಬಹುದಿತ್ತು, ಆಗಲಿಲ್ಲ. “ಅಪ್ಪ ಹೋದ್ಮೇಲೆ ತಾನೇ ಉಣ್ಣೋದು ಬಿಟ್ಲು. ಬಡಿಸ್ಕೊಂಡು ಕೂತ್ರೆ ಮೊದಲ ತುತ್ತು ಯಾರಿಗೆ ಅಂತ ಗೊತ್ತಾಗ್ತಿಲ್ಲ ಅನ್ನೋಳು.”

ರಸ್ತೆಯಲ್ಲಿ ಶೃಂಗೇರಿಯ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ದಾಕ್ಷಾಯಿಣಿ ಸೆರಗಿನ ಅಂಚಿನಿಂದ ಮೂಗು ಒರೆಸಿಕೊಂಡಳು.

“ನಾನೂ ಬೈತೀನಿ. ಈಗ್ಲೇ ಹೇಳಿರ್ತೀನಿ, ಆಮೇಲೆ ಮೋಸ ಆಯ್ತು ಅನ್ಬೇಡಿ.” ಸಿಕ್ಕ ಎರಡೂ ಕೊಂಡಿ ಹಿಡಿದು ಮೇಲೆದ್ದು ಅವನ ಕುರ್ಚಿಯಲ್ಲಿ ಕೂತಳು. “ಆ ಚಿಮಟ ಕೊಡಿ.”

ಕೊಟ್ಟ. ಅವಳು ಎರಡು ಕೊಂಡಿ ಸೇರಿಸಿ ತಂತಿ ತೂರಿಸಲು ಹೊರಟು ಬೆರಳಿಗೆ ಚುಚ್ಚಿಕೊಂಡಳು.

“ತಲೆಕೆಳಗಾಯ್ತು,” ಎಂದ ಅವನು.

“ನಾನು ಗಣಿತದ ಟೀಚರು, ಹೊಲಿಗೆಯವಳಲ್ಲ.”

“ಅದು ಬೇಡ, ಅಂಚಿನಲ್ಲಿ ಮುಳ್ಳಿದೆ. ಪಕ್ಕದ್ದು. ಅಲ್ಲ, ಅದರಾಚೆದು. ಹಾಂ. ಈಗ ತಂತಿ ಬಾಗಿಸ್ಬೇಡಿ, ಹಾಗೇ ಒತ್ತಿ.”

ಬಹಳ ಹೊತ್ತಿನ ಮೇಲೆ ಎರಡು ಕೊಂಡಿಗಳು ಒಂದಾಗಿ ಚಿಮಟದ ತುದಿಯಿಂದ ತೂಗಿದವು. ನೂರ ಎಪ್ಪತ್ತೆಂಟು ಉಳಿದಿದ್ದವು.

“ನೋಡಿ, ಆರಿಸೋಕೆ ನಿಮಗೆ ಕೈ ಬೇಕಾಗ್ಲಿಲ್ಲ,” ಎಂದಳು. ತಿರುಗಿ ನೋಡದೆ, ಕೊಂಡಿಗಳನ್ನು ಬಿಳಿ ಬಟ್ಟೆಯ ಮೇಲೆ ಇಳಿಸಿದಳು. “ಈಗ ಇನ್ನೊಂದು ಆರಿಸಿ. ಸೋಮವಾರ ನಾನೆಂತ ಹೇಳ್ಲಿ ಅವರಿಗೆ?”

“ಬೇಡ ಅನ್ನಿ.”

“ಯಾಕೆ ಅಂತ ಕೇಳಿದ್ರೆ?”

ಇಷ್ಟು ತಿಂಗಳು ಕಾದಿಟ್ಟ ಮಾತು ಎಷ್ಟು ಚಿಕ್ಕದೆಂದು, ಈಗ ಅದನ್ನು ಹೊರತೆಗೆಯುವಾಗ ಅವನಿಗೆ ತಿಳಿಯಿತು.

“ಕೊಪ್ಪದಲ್ಲಿ ಒಬ್ಬ ಇದಾನೆ ಅನ್ನಿ. ತುಂಬ ವರ್ಷ ನೆಟ್ಟಗಿರೋದಿಲ್ಲ ಅವನು. ಆದ್ರೂ ಅವನಿಗೆ ನಾನೇ ಬೇಕಂತೆ ಅನ್ನಿ.”

ಅವಳು ಚಿಮಟವನ್ನು ಕೆಳಗಿಟ್ಟಳು. ಅದನ್ನು ಇಡಲು ಒಂದು ಚಿಮಟಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಹೇಳ್ತೀನಿ,” ಎಂದಳು.

“ನಂಗೆ ಭಯ ಇದೆ.”

“ನಂಗೂ ಇದೆ. ಇಲ್ಲ ಅಂತ ಯಾರು ಹೇಳಿದ್ದು?”

ಅವಳು ಅಂಗೈಯನ್ನು ಮೇಲ್ಮುಖವಾಗಿ ಮೇಜಿನ ಮೇಲಿಟ್ಟಳು. ಅವನು ತನ್ನ ಬಲಗೈಯನ್ನು ಅದರಲ್ಲಿಟ್ಟ. ಅದು ಅಲ್ಲಿಯೂ ನಡುಗುತ್ತಲೇ ಇತ್ತು. ಅದನ್ನು ನಿಲ್ಲಿಸಲು ಅವಳು ಹೋಗಲಿಲ್ಲ; ಬೆರಳುಗಳನ್ನು ಸಡಿಲವಾಗಿ ಮಡಿಚಿ, ಅದಕ್ಕೆ ನಡುಗುವಷ್ಟು ಜಾಗ ಬಿಟ್ಟು, ಹಿಡಿದುಕೊಂಡಳು.