ಕಟ್ಟಿದವನ ಜಾಗ

"ನಾನೇ ಕಟ್ಟಿದ್ದು" ಎಂದು ಭಾವ ಪಕ್ಕದ ಮನೆಯವರಿಗೆ ಹೇಳಿದಾಗ ಅವನು ಎರಡು ಮಾರು ದೂರದಲ್ಲೇ ಕೂತು ಕೈಗೆ ಮೆತ್ತಿದ ಗ್ರೀಸನ್ನು ತಿಕ್ಕಿ ತೆಗೆಯುತ್ತಿದ್ದ. ಅವನ ಹೊಟ್ಟೆ ಉರಿಸಬೇಕೆಂದು ಭಾವ ಹಾಗೆ ಹೇಳಿದ್ದಲ್ಲ. ಅವನು ಅಲ್ಲಿದ್ದಾನೆ ಎಂಬ ನೆನಪೇ ಭಾವನಿಗಿರಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ.

ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿದ್ದ ಆ ಕ್ರೇನ್ ನೋಡುವುದಕ್ಕೆ ಅಂಥ ದೊಡ್ಡದೇನಲ್ಲ. ಎರಡು ಕಡೆ ಅಗಲವಾಗಿ ಕವಲೊಡೆದ ಕಬ್ಬಿಣದ ಕಾಲುಗಳು, ಅವುಗಳ ಮೇಲೆ ಅಡ್ಡಲಾಗಿ ಒಂದು ಬೀಮ್, ಬೀಮಿನ ಉದ್ದಕ್ಕೂ ಓಡಾಡುವ ಪುಟ್ಟ ಟ್ರಾಲಿ, ಟ್ರಾಲಿಯಿಂದ ನೇತಾಡುವ ಚೈನ್ ಬ್ಲಾಕ್. ಸರಪಳಿ ಎಳೆದರೆ ಭಾರ ಮೇಲೇಳುತ್ತದೆ, ತಳ್ಳಿದರೆ ಗೋಡೆಯ ಕಡೆಗೆ ಸರಿಯುತ್ತದೆ. ಆದರೆ ಆ ಬೀಮಿಗಾಗಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಚಪ್ಪಲಿ ಸವೆಸಿದವನು ಅವನು. ಬಾಗಿದ್ದ ಅದನ್ನು ನೆಟ್ಟಗೆ ಮಾಡಿದವನು ಅವನು. ಟ್ರಾಲಿಯ ಚಕ್ರಗಳನ್ನು ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ, ಊಟ ಬಿಟ್ಟು, ಕೊರೆದವನೂ ಅವನೇ. ಕಿಡಿ ಹಾರಿದರೆ ಅಂಗಳಕ್ಕೆ ಓಡಿಹೋಗುತ್ತಿದ್ದ ಭಾವ ಮಾಡಿದ್ದು ಒಂದೇ ಕೆಲಸ. ಹಿಂದೆ ನಿಂತು ತಲೆ ತಿನ್ನುವುದು.

ಅವನಿಗೆ ಸ್ವಂತ ಶೆಡ್ ಇರಲಿಲ್ಲ. ಅವನೂ ಅಮ್ಮನೂ ಇದ್ದದ್ದು ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಅಲ್ಲಿ ಸುತ್ತಿಗೆ ಎತ್ತಿದರೆ ಕೆಳಗಿನವರು ಗೋಡೆ ಗುದ್ದುತ್ತಿದ್ದರು. ಭಾವ ಮುಚ್ಚಿಹೋದ ವರ್ಕ್‌ಶಾಪೊಂದರಿಂದ ಕಬ್ಬಿಣ ಕಡೆಯುವ ಹಳೆಯ, ಭಾರಿ ಲೇತ್ ಯಂತ್ರವನ್ನು ಹವ್ಯಾಸಕ್ಕೆಂದು ಕೊಂಡು ತಂದು, ಅದನ್ನು ಜಾಗಕ್ಕೆ ಕೂರಿಸಲು ಕ್ರೇನ್ ಬೇಕು ಎಂದಾಗ ಅವನು ಕುಣಿದಾಡಿದ್ದ. ಒಂದು ವಸ್ತು, ಮೊದಲಿನಿಂದ ಕೊನೆಯವರೆಗೆ, ತನ್ನ ಕೈಯದು. ನೋಡಿದವರು ಕೇಳಿದರೆ ತನ್ನ ಹೆಸರು ಹೇಳಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಕೇಳಿದವರಿಗೆಲ್ಲ ಭಾವ ತನ್ನದೇ ಹೆಸರು ಹೇಳಿದ. ಪಕ್ಕದ ಮನೆಯವರಿಗೆ ಹೇಳಿದ, ಹಾಲಿನವನಿಗೆ ಹೇಳಿದ, ಕಚೇರಿಯಲ್ಲಿ ಹೇಳಿದ. ಕಿಡಿಗೆ ಹೆದರಿ ಶೆಡ್ಡಿನ ಕಡೆಗೇ ಬಾರದಿದ್ದ ಅಕ್ಕ ಕೂಡ "ನಿಮ್ಮ ಭಾವಂಗೆ ಇಂಥ ಕೈ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡೋ" ಎಂದು ಅವನ ಮುಂದೆಯೇ ಬೀಗಿದಳು. ಎಲ್ಲಕ್ಕೂ ಕಳಶವಿಟ್ಟ ಹಾಗೆ, ಒಂದು ಬೆಳಗ್ಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅವನ ಬೆನ್ನು ತಟ್ಟಿ, "ಯಾವುದೋ ಕಚೇರಿಯಲ್ಲಿ ಕೂತು ಕೆಲಸ ಮಾಡೋ ನಿಮ್ಮ ಭಾವ ಕ್ರೇನ್ ಕಟ್ಟಿದಾರಂತೆ. ಹೋಗಿ ಸ್ವಲ್ಪ ಕಲಿತ್ಕೊಂಡು ಬಾರೋ" ಎಂದರು. ಸುತ್ತ ಇದ್ದವರು ನಕ್ಕರು. ಅವನೂ ನಕ್ಕ. ಆ ನಗು ಮುಖದ ಮೇಲಿದ್ದಾಗಲೇ ಅವನು ತೀರ್ಮಾನ ಮಾಡಿದ.

ಸರಿ, ಕ್ರೇನ್ ಕಟ್ಟಿದ್ದು ಭಾವನೇ ಎಂದಾಗಲಿ. ಊರೆಲ್ಲ ಹಾಗೇ ನಂಬಲಿ. ಭಾವ ಕಟ್ಟಿದ ಕ್ರೇನಿನಲ್ಲಿ ತಪ್ಪಿದ್ದರೆ ಆ ತಪ್ಪೂ ಭಾವನದೇ ತಾನೆ?

ಬೀಮಿನ ಎರಡು ತುದಿಗಳಲ್ಲೂ ಒಂದೊಂದು ಕಬ್ಬಿಣದ ತುಂಡು ಬೋಲ್ಟ್ ಹಾಕಿ ಅವನೇ ಕೂರಿಸಿದ್ದ. ಓಡಿ ಬಂದ ಟ್ರಾಲಿ ಅದಕ್ಕೆ ಬಡಿದು ನಿಲ್ಲಬೇಕು. ಅದಿಲ್ಲದಿದ್ದರೆ ಟ್ರಾಲಿ ತುದಿ ದಾಟಿ ಭಾರದ ಸಮೇತ ಕೆಳಗೆ. ಕೆಲಸ ಬಲ್ಲವನು ಊಟ ಮರೆತಾನು, ಈ ಸ್ಟಾಪರ್ ಮರೆಯಲಾರ. ಕೆಲಸ ತಿಳಿಯದವನಿಗೆ ಹೀಗೊಂದು ವಸ್ತು ಬೇಕು ಎಂದೇ ಹೊಳೆಯುವುದಿಲ್ಲ. ಇನ್ನು ಭಾವನ ಷೋಕಿ ಒಂದಿತ್ತು. ಬಂದವರನ್ನು ಕರೆದು "ಒಂದೇ ಬೆರಳಲ್ಲಿ ತಳ್ಳಿ ನೋಡಿ" ಎನ್ನುತ್ತಿದ್ದ. ತಾನು ಮಾತ್ರ ಗೋಡೆಯ ಪಕ್ಕ, ಬೀಮಿನ ತುದಿಯ ಕೆಳಗೆ, ಎರಡೂ ಕೈ ಚಾಚಿ ನಿಲ್ಲುತ್ತಿದ್ದ. ಇಷ್ಟು ದಿನ ತೂಗಿಸಿದ್ದು ಮರಳು ತುಂಬಿದ ಡ್ರಮ್. ಭಾನುವಾರ ಕಚೇರಿಯವರನ್ನೆಲ್ಲ ಕರೆದು ಲೇತನ್ನೇ ಎತ್ತಿ ಸರಿಸುವುದೆಂದು ನಿಶ್ಚಯವಾಗಿತ್ತು. ತಳ್ಳುವ ಬೆರಳು ಯಾವನೋ ಸಹೋದ್ಯೋಗಿಯದು. ನಿಲ್ಲುವ ಜಾಗ ಭಾವ ತಾನೇ ಆರಿಸಿಕೊಂಡದ್ದು. ಸ್ಟಾಪರ್ ಬಿಚ್ಚಿದವನು ಆ ಹೊತ್ತಿಗೆ ಅಲ್ಲಿರುವ ಅಗತ್ಯವೇ ಇರಲಿಲ್ಲ.

ಶನಿವಾರ ಅವನು ರಜೆ ಹಾಕಿದ. ಭಾವ ಕಚೇರಿಗೂ ಅಕ್ಕ ಪೇಟೆಗೂ ಹೋದ ಮೇಲೆ ಶೆಡ್ಡಿಗೆ ಬಂದು ಎರಡೂ ಸ್ಟಾಪರ್ ಬಿಚ್ಚಿದ. ಬಿಚ್ಚಿ ಸುಮ್ಮನೆ ಬಿಟ್ಟರೆ ಬೋಲ್ಟಿನ ತೂತುಗಳು ಉಳಿಯುತ್ತವೆ, ಇಲ್ಲಿ ಏನೋ ಇತ್ತು ಎಂದು ಬಾಯಿಬಿಡುತ್ತವೆ. ಹಾಗಾಗಿ ತೂತುಗಳನ್ನು ವೆಲ್ಡಿಂಗಿನಿಂದ ತುಂಬಿದ, ಉಬ್ಬನ್ನು ಉಜ್ಜಿ ಸಮ ಮಾಡಿದ, ಮೇಲೆ ಬೂದು ಬಣ್ಣ ಬಳಿದ. ಬಣ್ಣ ಒಣಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದ. ಏನೂ ತಗುಲಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನೂ ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಅವನಿಗೆ ಒಂದು ಗಳಿಗೆ ನಿಜವಾಗಿಯೂ ಬೇಸರವಾಯಿತು. ಸ್ಟಾಪರುಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಗುಜರಿ ರಾಶಿಯಲ್ಲಿ ಎಸೆದ.

ಅಕ್ಕನ ವಿಷಯ ಅವನು ಯೋಚಿಸಲಿಲ್ಲ ಎಂದಲ್ಲ. ಅಳುತ್ತಾಳೆ, ಪಾಪ. ಆದರೆ ತಾನಿದ್ದೇನಲ್ಲ. ಅವಳಿಗೊಂದು ಆಸರೆಯಾಗುತ್ತದೆ, ಶೆಡ್ಡಿಗೂ ಒಬ್ಬ ಮನುಷ್ಯ ಸಿಕ್ಕ ಹಾಗಾಗುತ್ತದೆ. ಹೀಗೆ ಲೆಕ್ಕ ಹಾಕಿದಾಗ ತಾನು ಕೆಟ್ಟವನಂತೆ ಅವನಿಗೆ ಕಾಣಲೇ ಇಲ್ಲ.

ಭಾನುವಾರ ಅಮ್ಮನನ್ನು ಮೊದಲೇ ಅಕ್ಕನ ಮನೆಗೆ ಕಳಿಸಿ, ಅವನು ಮನೆ ಮಾಲೀಕರ ಕೆಟ್ಟ ನೀರಿನ ಮೋಟರನ್ನು ಅಂಗಳದಲ್ಲಿ ಹರಡಿಕೊಂಡು ಕೂತ. ಮಾಲೀಕರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಮೋಟರ್ ಬೇಗನೆ ಸರಿಹೋಯಿತು. ಅವನು ಸರಿಹೋಗಿಲ್ಲ ಎಂದು ಹೇಳಿ ಮತ್ತೆ ಬಿಚ್ಚಿದ.

ಫೋನ್ ಬಡಿದುಕೊಂಡಿತು. ನೋಡಿದರೆ ಭಾವನದೇ ನಂಬರು. ಸತ್ತಿಲ್ಲ, ಇನ್ನೂ. ಬಂದವರಿಗೆ ಕುರ್ಚಿ ಎತ್ತಿ ಹಾಕಲು ಆಳು ಬೇಕಾಗಿರಬೇಕು ಎಂದುಕೊಂಡು ಅವನು ಎತ್ತಲಿಲ್ಲ. ಮತ್ತೆ ಬಡಿಯಿತು, ಮತ್ತೆ ಭಾವ. ಮತ್ತೂ ಭಾವ. ಆಮೇಲೆ ನಿಂತಿತು. ಈಗ ಆಗಿರಬೇಕು ಎಂದುಕೊಂಡ. ಇನ್ನೇನು ಅಮ್ಮನ ಫೋನ್ ಬರುತ್ತದೆ, ಅಳು ಕೇಳಿಸುತ್ತದೆ, ತಾನು ಸ್ಪ್ಯಾನರ್ ಕೈಯಿಂದ ಬೀಳಿಸಬೇಕು. ಸ್ಪ್ಯಾನರ್ ಹಿಡಿದು ಕಾದ. ಯಾರೂ ಫೋನ್ ಮಾಡಲಿಲ್ಲ. ಮೋಟರನ್ನು ಮೂರನೆಯ ಸಲ ಬಿಚ್ಚಿದಾಗ ಮಾಲೀಕರು ಪೇಪರ್ ಮಡಚಿ, "ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು, ನಿಮ್ಮ ಭಾವನ್ನ ಕೇಳ್ತೀನಿ" ಎಂದರು. ಒಬ್ಬ ಮನುಷ್ಯ ಸಾಯುವುದಕ್ಕೂ ಇಷ್ಟು ತಡ ಮಾಡುತ್ತಾನೆಂದರೆ ಅವನ ಜೊತೆ ಹೇಗೆ ಏಗುವುದು!

ಅಷ್ಟರಲ್ಲಿ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಇಳಿದವನು ಭಾವ.

"ಫೋನ್ ಎತ್ತೋಕೆ ನಿಂಗೇನೋ ರೋಗ?" ಎಂದ ಭಾವ. "ಎಲ್ಲ ಬಂದು ಕೂತಿದಾರೆ. ಏಳು, ಹತ್ತು."

"ಕೆಲಸ ಇದೆ ಭಾವ. ನೀವು ಶುರು ಮಾಡ್ಕೊಳ್ಳಿ."

"ನೀನಿಲ್ದೆ ಹೇಗೆ ಶುರು ಮಾಡ್ಲಿ? ಬಾರೋ ಸುಮ್ನೆ."

ಮಾಲೀಕರು ಕಣ್ಣಲ್ಲೇ ಹೋಗು ಎಂದರು. ತಪ್ಪಿಸಿಕೊಳ್ಳಲು ನೆಪವೇ ಉಳಿಯಲಿಲ್ಲ.

ಶೆಡ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಮ್ಮ, ಅಕ್ಕ. ಅವರ ಪಕ್ಕದಲ್ಲಿ, ಅವನು ಕನಸಿನಲ್ಲೂ ನೆನೆಯದ ವ್ಯಕ್ತಿ, ಅವನ ಸೂಪರ್‌ವೈಸರ್. ಲೇತನ್ನು ಆಗಲೇ ಸರಪಳಿಗೆ ಕಟ್ಟಿ ನೆಲದಿಂದ ಎದೆಯೆತ್ತರಕ್ಕೆ ಎತ್ತಿ ನಿಲ್ಲಿಸಿದ್ದರು. ಭಾವ ಅವನ ಹೆಗಲ ಮೇಲೆ ಕೈ ಹಾಕಿ ಎಲ್ಲರ ಮುಂದೆ ನಿಂತ.

"ನೋಡಿ, ಇಷ್ಟು ದಿನ ನಾನೇ ಕಟ್ಟಿದ್ದು ಅಂತ ನಿಮ್ಮೆಲ್ಲರ ಹತ್ರ ಕೊಚ್ಕೊಂಡೆ. ಶುದ್ಧ ಸುಳ್ಳು. ಮೊದಲು ತಮಾಷೆಗೆ ಅಂದಿದ್ದು, ಆಮೇಲೆ ನಾಲಿಗೆಗೆ ರುಚಿ ಹತ್ತಿಬಿಡ್ತು. ಮೊನ್ನೆ ಈ ಸೂಪರ್‌ವೈಸರ್ ಸಾಹೇಬ್ರು ಸಿಕ್ಕಿ, ನಿಮ್ಮ ಬಾಮೈದಂಗೆ ಸ್ವಲ್ಪ ಕೆಲಸ ಕಲಿಸಿ ಅಂದ್ರು. ನಾಚಿಕೆಯಿಂದ ಸತ್ತೇ ಹೋದೆ. ನಂಗೆ ಒಂದು ಬೋಲ್ಟ್ ಬಿಗಿ ಮಾಡೋಕೂ ಬರಲ್ಲ. ಇದರಲ್ಲಿರೋ ಒಂದೊಂದು ತುಂಡೂ ಇವನ ಕೈದು. ಇವತ್ತಿಂದ ಈ ಶೆಡ್ಡೂ ಇವನದೇ, ಲೇತೂ ಇವನದೇ."

ಚಪ್ಪಾಳೆ ಬಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೂಪರ್‌ವೈಸರ್ ಎದ್ದು ಬಂದು ಅವನ ಕೈ ಕುಲುಕಿದರು. ಇಷ್ಟು ದಿನ ಹಸಿದು ಕಾದದ್ದು ಇದಕ್ಕೇ ಅಲ್ಲವೆ? ಭಾವನನ್ನು ಕೊಲ್ಲುವ ಕಾರಣ ಆ ಕ್ಷಣವೇ ಕರಗಿಹೋಯಿತು. ಆದರೆ ಭಾವ ಅವನ ಹೆಗಲು ಹಿಡಿದು ನಡೆಸಿಕೊಂಡು ಹೋಗಿ ಗೋಡೆಯ ಪಕ್ಕ, ಬೀಮಿನ ತುದಿಯ ಕೆಳಗೆ ನಿಲ್ಲಿಸಿದ.

"ಇದು ಕಟ್ಟಿದವನ ಜಾಗ. ಇನ್ಮೇಲೆ ನೀನೇ ನಿಲ್ಲಬೇಕು. ಸಾಹೇಬ್ರೇ, ಒಂದೇ ಬೆರಳಲ್ಲಿ ತಳ್ಳಿ."

ಸೂಪರ್‌ವೈಸರ್ ಬೆರಳು ಮುಂದೆ ಮಾಡಿದರು. ಪಕ್ಕಕ್ಕೆ ಹಾರಿದರೆ ಜೀವ ಉಳಿಯುತ್ತದೆ, ಲೇತ್ ಬಿದ್ದ ಮೇಲೆ ಪ್ರಶ್ನೆಗಳು ಏಳುತ್ತವೆ. ಒಂದೇ ದಾರಿ ಇತ್ತು. ಅದನ್ನು ಹಿಡಿಯುವುದೆಂದರೆ ಈಗ ತಾನೇ ಸಿಕ್ಕ ಹೆಸರನ್ನು ತನ್ನ ಕೈಯಾರೆ ಮಣ್ಣುಪಾಲು ಮಾಡುವುದು. ಬೇರೆ ಗತಿ ಕಾಣದೆ ಹಿಡಿದ.

"ನಿಲ್ಸಿ! ತಳ್ಳಬೇಡಿ! ತುದಿಗೆ ಸ್ಟಾಪರ್ ಹಾಕೋದು ಮರೆತುಬಿಟ್ಟಿದೀನಿ."

ಸೂಪರ್‌ವೈಸರ್ ಬೆರಳು ಹಿಂದೆ ತೆಗೆದುಕೊಂಡರು. ಮುಖ ಸಿಂಡರಿಸಿದರು. "ಸ್ಟಾಪರ್ ಮರೆತೆಯಾ? ಇಷ್ಟು ವರ್ಷ ನನ್ನ ಕೈಕೆಳಗೆ ಏನು ಕಿಸಿದೆ ನೀನು?" ಎಲ್ಲರ ಎದುರು ಅವನು ತಲೆ ತಗ್ಗಿಸಿದ. ಅವಮಾನ ಮೈ ಸುಟ್ಟಿತು. ಒಳಗೊಳಗೇ ಉಸಿರು ಮಾತ್ರ ಹಗುರಾಯಿತು. ಮರೆಗುಳಿ ಎನ್ನಿಸಿಕೊಂಡರೆ ಯಾರೂ ಜೈಲಿಗೆ ಹಾಕುವುದಿಲ್ಲ. ಮಧ್ಯಾಹ್ನವೇ ಹೊಸ ಸ್ಟಾಪರ್ ಕೂರಿಸಿದರಾಯಿತು. ಶೆಡ್ ಹೇಗೂ ತನ್ನದೇ.

ಭಾವನಿಗೆ ಮಾತ್ರ ತಡೆಯಲಾಗಲಿಲ್ಲ. "ಇವನು ಮರೆಯೋದಾ? ಸಾಧ್ಯನೇ ಇಲ್ಲ ಸಾಹೇಬ್ರೇ. ನಾಚಿಕೆ ಸ್ವಭಾವ, ಎಲ್ಲರ ಮುಂದೆ ನಿಂತು ಗಾಬರಿಯಾಗಿದಾನೆ, ಅಷ್ಟೆ. ನನ್ನ ಕಣ್ಣೆದುರಿಗೇ ಹಾಕಿದಾನೆ, ನೋಡಿ ಬೇಕಾದ್ರೆ" ಎಂದು ಜೇಬಿನಿಂದ ಫೋನ್ ತೆಗೆದ. ಕೆಲಸ ನಡೆಯುವಾಗ ಬೆನ್ನ ಹಿಂದೆ ನಿಂತು ಭಾವ ಕೇಳುತ್ತಿದ್ದ ನೂರೆಂಟು ಪ್ರಶ್ನೆಗಳಿಗೆ ಅವನು ನೊಣ ಓಡಿಸುವ ಹಾಗೆ ಉತ್ತರ ಕೊಟ್ಟಿದ್ದ. ಆಗ ಭಾವನ ಕೈಯಲ್ಲಿ ಏನಿತ್ತು ಎಂದು ಒಂದು ಸಲವೂ ತಿರುಗಿ ನೋಡಿರಲಿಲ್ಲ. ಸೂಪರ್‌ವೈಸರ್ ಫೋನಿನ ಮೇಲೆ ಬಾಗಿದರು, ಅಕ್ಕನೂ ಎದ್ದು ಬಂದು ಇಣುಕಿದಳು. ಬೀಮಿನ ತುದಿಯಲ್ಲಿ ಬೋಲ್ಟ್ ಬಿಗಿಯುತ್ತಿದ್ದ ಅವನ ಕೈಗಳು ಭಾವ ತೆಗೆದಿದ್ದ ವಿಡಿಯೊದಲ್ಲಿ ಕಾಣುತ್ತಿದ್ದವು, ಅವನ ದನಿ ಶೆಡ್ಡಿಗೆಲ್ಲ ಕೇಳುತ್ತಿತ್ತು: "ಇದಾ ಭಾವ, ಸ್ಟಾಪರ್. ಇದನ್ನ ಯಾರಾದ್ರೂ ಬಿಚ್ಚಿದ್ರೆ ಕೆಳಗೆ ನಿಂತೋನ ಕತೆ ಮುಗೀತು." ಸೂಪರ್‌ವೈಸರ್ ತಲೆ ಎತ್ತಿ ಬೀಮಿನ ತುದಿಯನ್ನು ನೋಡಿದರು, ಹತ್ತಿರ ಹೋಗಿ ಇನ್ನೊಮ್ಮೆ ನೋಡಿದರು. ಅಲ್ಲಿ ಸ್ಟಾಪರ್ ಇರಲಿಲ್ಲ, ಬೋಲ್ಟಿನ ತೂತೂ ಇರಲಿಲ್ಲ. ಅವರು ಭಾವನ ಕಡೆ ತಿರುಗಿದರು. ಭಾವ ಇನ್ನೂ ನಗುತ್ತಲೇ, ಏನಾಯಿತು ಎಂದು ನೋಡಲು, ಬೀಮಿನ ಕಡೆಗೆ ತಲೆ ಎತ್ತಿದ.