ಎರಡು ಹಾರ್ನ್

"ಅಯ್ಯೋ, ಮತ್ತೆ ತಪ್ಪಿತು!"

ಪ್ರಾಪ್ತಿ ಎಸೆದ ಲಗೋರಿ ಚೆಂಡು ಮುನವ್ವರನ ಹಿಂದೆ ಎಲ್ಲೋ ಬಿತ್ತು. ಅವನು ಸೊಂಟಕ್ಕೆ ಕೈಯಿಟ್ಟು ನಿಂತ.

"ನಾನು ಇರುವಲ್ಲಿಗೆ ಎಸೆದರೆ, ಚೆಂಡು ಬರುವಾಗ ನಾನು ಅಲ್ಲಿ ಇರ್ತೇನಾ ಮಾರಾಯ್ತಿ? ಎಲ್ಲಿಗೆ ಓಡ್ತೇನೆ ನೋಡು, ಅಲ್ಲಿಗೆ ಎಸಿ!"

ಹಾಗೇ ಎಸೆದಳು. ಚೆಂಡು ಸರಿಯಾಗಿ ಬೆನ್ನಿಗೆ ಬಡಿಯಿತು. "ಉಮ್ಮಾ!" ಎಂದು ಅವನು ಕುಣಿದ. ಎಲ್ಲರೂ ನಕ್ಕರು. ಪ್ರಾಪ್ತಿಗೆ ಮಾತ್ರ ನಗು ಬರಲಿಲ್ಲ.

ಇವತ್ತು ಅವಳ ಬರ್ತ್‌ಡೇ. ಕ್ಲಾಸಿಗೆಲ್ಲ ಹಂಚಿ ಉಳಿದ ಎರಡು ಚಾಕಲೇಟು ಕಿಸೆಯಲ್ಲಿತ್ತು. ಅದು ಅಪ್ಪನಿಗೆ. ಆದರೆ ಅಪ್ಪ ಸಿಗಬೇಕಲ್ಲ!

ಅಪ್ಪ ಲತೇಶ್ ಮೂಡುಬಿದಿರೆ-ಚಾರ್ಮಾಡಿ ಬಸ್ಸಿನ ಡ್ರೈವರ್. ರಾತ್ರಿ ಬಸ್ಸು ಚಾರ್ಮಾಡಿಯಲ್ಲೇ ಹಾಲ್ಟ್. ಅಪ್ಪನ ನಿದ್ದೆಯೂ ಬಸ್ಸಿನಲ್ಲೇ. ಮನೆಗೆ ಬಾರದೆ ಒಂಬತ್ತು ದಿನ ಆಯ್ತು. ಅಮ್ಮ ಕುವೈತಿನಲ್ಲಿ ನರ್ಸ್. ಮನೆಯಲ್ಲಿರುವ ಅಮ್ಮಣ್ಣಿ ಅಜ್ಜಿಗೆ ಕಿವಿ ಕೇಳುವುದಿಲ್ಲ, ಪಾಪ. ಏನಾದರೂ ಮಾತಾಡುವ ಅಂದರೆ ಪ್ರಾಪ್ತಿಗೆ ಯಾರೂ ಇಲ್ಲ.

ಅದಕ್ಕೇ ನಾಲ್ಕಕ್ಕೆ ಶಾಲೆ ಬಿಟ್ಟರೂ ಗ್ರೌಂಡಿನಲ್ಲೇ ಕಾಯುತ್ತಾಳೆ. ನಾಲ್ಕೂವರೆಗೆ ಅಪ್ಪನ ಬಸ್ಸು ಬರುತ್ತದೆ. ಕಂಡ ಕೂಡಲೇ ಓಡುತ್ತಾಳೆ. ಗೇಟಿಗೆ ಮುಟ್ಟುವಾಗ ಸಿಗುವುದು ಬಸ್ಸಿನ ಬೆನ್ನು ಮತ್ತು ಧೂಳು. ಅಪ್ಪ ನಿಲ್ಲಿಸುವ ಹಾಗಿಲ್ಲ; ಹಿಂದೆಯೇ ಇನ್ನೊಂದು ಬಸ್ಸು ಉಂಟು, ಟೈಮಿಂಗ್ ತಪ್ಪಿದರೆ ದೊಡ್ಡ ಜಗಳ. ಸ್ವಲ್ಪ ಹೊತ್ತಿಗೆ ಗುಡ್ಡದ ಆಚೆಯಿಂದ ಹಾರ್ನ್ ಕೇಳುತ್ತದೆ: ಪೋಂ, ಪೋಂ. ಆಗ ಅವಳಿಗೆ ಅಳುವೇ ಬರುತ್ತದೆ.

ಇವತ್ತೂ ಬಸ್ಸಿನ ಸದ್ದು ಕೇಳಿತು. ಕಾಲು ಗೇಟಿನ ಕಡೆ ಹೊರಟೇಬಿಟ್ಟಿತು. ಥಟ್ಟನೆ ನಿಂತಳು. ಬಸ್ಸು ಹೋಗುವುದು ಎಲ್ಲಿಗೆ? ಗುಡ್ಡ ಸುತ್ತಿಕೊಂಡು ಅವಳ ಮನೆಯ ಮೇಲಿನ ತಿರುವಿಗೆ! ಕಾಲುದಾರಿಯಾದರೆ ನೇರ.

ತಿರುಗಿ ಗುಡ್ಡ ಹತ್ತಿ ಓಡಿದಳು. ಏದುಸಿರು ಬಿಡುತ್ತಾ ತಿರುವಿನ ಬದಿಯಲ್ಲಿ ನಿಂತಳು.

ಬಸ್ಸು ಬಂತು. ಪೋಂ, ಪೋಂ! ಅಪ್ಪನ ಕಣ್ಣು ಕೆಳಗೆ ಮನೆಯ ಹಂಚಿನ ಮಾಡಿನ ಮೇಲಿತ್ತು. ಆಮೇಲೆ ಅವಳನ್ನು ಕಂಡು ಬ್ರೇಕ್ ಹಾಕಿದ.

"ಏ ಮಗಾ! ನೀನು ಇಲ್ಲಿ?"

ಅವಳು ಕಿಟಕಿಗೆ ಕೈ ಚಾಚಿ ಚಾಕಲೇಟು ಕೊಟ್ಟಳು. ಅಪ್ಪ ಆ ಕೈಯನ್ನೇ ಹಿಡಿದುಕೊಂಡ.

"ಈ ಹೊತ್ತಿಗೆ ನೀನು ಮನೆಯಲ್ಲಿ ಇರ್ತಿ ಅಂತ ದಿನಾ ಇಲ್ಲಿ ಎರಡು ಹಾರ್ನ್ ಹಾಕ್ತೇನೆ. ನಿನಗೇ ಅಂತ. ಕೇಳ್ತದಲ್ಲ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬಸ್ಸು ಬೊಬ್ಬೆ ಹಾಕಿತು. "ರೈಟ್, ರೈಟ್!" ಎಂದು ಕಂಡಕ್ಟರ್ ಕೂಗಿದ. ಬಸ್ಸು ಹೊರಟಿತು.

ಪ್ರಾಪ್ತಿ ಕೆಳಗೆ ನೋಡಿದಳು. ಮನೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಇಷ್ಟು ದಿನವೂ ಈ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಅಪ್ಪ ಖಾಲಿ ಅಂಗಳಕ್ಕೆ ಹಾರ್ನ್ ಹಾಕುತ್ತಿದ್ದ.

"ಕೇಳ್ತದೆ ಅಪ್ಪಾ!" ಅವಳು ಗಂಟಲು ಹರಿಯುವ ಹಾಗೆ ಕೂಗಿದಳು. ಬಸ್ಸು ಆಗಲೇ ಮುಂದಿನ ತಿರುವು ದಾಟಿತ್ತು.

ಪರವಾಗಿಲ್ಲ. ನಾಳೆ ನಾಲ್ಕೂವರೆಗೆ ಎಲ್ಲಿರಬೇಕು ಅಂತ ಅವಳಿಗೆ ಗೊತ್ತಿತ್ತು.